ಗ್ಲಾಸಿನ ಮೇಲಿನ ಕಪ್ಪು ಬ್ರೆಡ್ಡು

ಗ್ರೋಸರಿಯಲ್ಲಿ ಕಪ್ಪು ಬ್ರೆಡ್ಡಿನ ಹುಳಿವಾಸನೆ ಮೂಗಿಗೆ ಬಡಿದರೆ ಈಗಲೂ ನನ್ನ ಬಾಯಿ ಒಣಗುತ್ತದೆ.

ಎಂಬತ್ತರ ದಶಕದಲ್ಲಿ, ನಾವು ವಲಸೆ ಬಂದು ನೆಲೆಸಿದ್ದ ಮಾರ್ಗನ್ ಹಿಲ್ ಊರಿನಾಚೆ, ರಷ್ಯಾ ಬಿಟ್ಟು ಬಂದ ಕೊಸಾಕ್ ರೈತರ ನಾಲ್ಕಾರು ಮನೆಗಳಿದ್ದವು. ಒಂದು ಮಧ್ಯಾಹ್ನ ಅಮ್ಮ ಹಾಲಿಗೆಂದು ನನ್ನನ್ನು ಅಲ್ಲಿನ ಮಾರ್ಫಾ ಅಜ್ಜಿಯ ಮನೆಗೆ ಕರೆದೊಯ್ದಳು. ಅಜ್ಜಿಯ ಗಂಡ ತೀರಿಕೊಂಡು ತಿಂಗಳಾಗಿತ್ತು. ಅವನ ಖಾಲಿ ಕುರ್ಚಿಯ ಮುಂದೆ ಒಂದು ಗ್ಲಾಸು ವೋಡ್ಕಾ, ಅದರ ಮೇಲೆ ಮುಚ್ಚಿದಂತೆ ಒಂದು ತುಂಡು ಬ್ರೆಡ್ಡು.

"ಮುಟ್ಬೇಡ ಕಣೆ, ಸತ್ತೋರಿಗೆ ಇಟ್ಟಿದ್ದು. ನಮ್ಮ ಎಡೆ ಇದ್ದ ಹಾಗೆ," ಎಂದಳು ಅಮ್ಮ.

"ಸತ್ತೋರು ತಿಂತಾರೆ ಅಂದ್ರೆ ಇದ್ಯಾಕೆ ಹಾಗೇ ಇದೆ? ಪ್ರೂಫ್ ಎಲ್ಲಿ?"

"ನಿನ್ನ ಲಾಯರ್‌ಗಿರಿ ಸಾಕು, ಬಾಯ್ಮುಚ್ಕೊಂಡು ಕೂತ್ಕೋ."

ಅಮ್ಮ, ಅಜ್ಜಿ ಇಬ್ಬರೂ ಕೊಟ್ಟಿಗೆಗೆ ಹೋದದ್ದೇ ತಡ, ಏನೂ ಆಗುವುದಿಲ್ಲವೆಂದು ತೋರಿಸಲು ನಾನು ಆ ತುಂಡನ್ನು ತಿಂದುಬಿಟ್ಟೆ.

ಮರಳಿದ ಅಜ್ಜಿ ಬರೀ ಗ್ಲಾಸು ನೋಡಿ ಬಾಗಿಲಲ್ಲೇ ನಿಂತಳು. ಆಮೇಲೆ ಮುರುಕು ಇಂಗ್ಲಿಷಿನಲ್ಲಿ ಮೆಲ್ಲಗೆ ಕೇಳಿದಳು: "ಬಂದಿದ್ದನಾ? ಏನಂದ?"

ನಾನೇ ತಿಂದೆ ಎನ್ನಬೇಕಿತ್ತು. ಅಮ್ಮನ ಕಣ್ಣು ನನ್ನ ಫ್ರಾಕಿನ ಮೇಲಿನ ಚೂರುಗಳಲ್ಲಿ ನೆಟ್ಟಿತ್ತು.

"ಉಪ್ಪು ಕಮ್ಮಿ ಅಂದ್ರು," ಎಂದೆ.

ಅಜ್ಜಿಯ ಮುಖ ಬಿಳಿಚಿತು. "ನಲವತ್ತು ವರ್ಷ ಅದೇ ಮಾತು," ಎಂದವಳು ಕುರ್ಚಿಯತ್ತ ತಿರುಗಿ ತನ್ನ ಭಾಷೆಯಲ್ಲಿ ಬಯ್ಯತೊಡಗಿದಳು, ನಡುನಡುವೆ ನಿಲ್ಲಿಸಿ, ಉತ್ತರ ಕೇಳಿಸಿಕೊಂಡು.