ಡಿಕ್ಕಿಯಲ್ಲಿ ಜಾಗವಿಲ್ಲ

ಡಿಕ್ಕಿಯ ಮುಚ್ಚಳ ಇನ್ನೇನು ಬೀಳಬೇಕು, ಅಷ್ಟರಲ್ಲಿ ಅವಳು ಮಗುವಿನ ತಳ್ಳುಗಾಡಿಯನ್ನು ತಂದು ಕಾರಿನ ಹಿಂದೆ ಅಡ್ಡ ನಿಲ್ಲಿಸಿದಳು.

“ಇದೂ ಬರುತ್ತೆ.”

“ಎಲ್ಲಿ ಬರುತ್ತೆ? ಕಣ್ಬಿಟ್ಟು ನೋಡು, ಸೂಜಿ ತೂರ್ಸೋಕೂ ಜಾಗ ಇಲ್ಲ,” ಎಂದ ಗಂಡ. ಸುಳ್ಳೇನಲ್ಲ. ಮನೆ ಬದಲಾಯಿಸುವವರ ಸಾಮಾನನ್ನು ಲಾರಿಗೆ ತುಂಬುವುದೇ ಅವನ ಕಸುಬು. ಪೆಟ್ಟಿಗೆ, ಚೀಲ, ಅವನ ಅಮ್ಮನ ದಿಂಬು ಎಲ್ಲವೂ ಒಂದಕ್ಕೊಂದು ಅಂಟಿಕೊಂಡು ಕೂತಿದ್ದವು. ನಟ್ಟನಡುವೆ, ಸಮುದ್ರದ ದಂಡೆಯಲ್ಲಿ ಒರಗಿಕೊಳ್ಳಲು ಅವನು ಇಟ್ಟುಕೊಂಡಿರುವ ಮಡಿಚುವ ಆರಾಮಕುರ್ಚಿ. “ಈಗ ಒಂದು ಸಾಮಾನು ತೆಗೆದ್ರೂ ಪ್ಯಾಕಿಂಗ್ ಪೂರ್ತಿ ಹಾಳಾಗುತ್ತೆ. ಅಷ್ಟಕ್ಕೂ ಗುಂಡ ಈಗ ನಡೀತಾನೆ. ಕಾಲು ನೋವು ಅಂದ್ರೆ ಎತ್ಕೊಂಡ್ರಾಯ್ತು. ಅದೇನು ಮಹಾ ಭಾರ?”

ಮುಂದಿನ ಸೀಟಿನಲ್ಲಿ ಆಗಲೇ ಬೆಲ್ಟು ಹಾಕಿಕೊಂಡು ಕೂತಿದ್ದ ಅತ್ತೆ ಕಿಟಕಿಯಿಂದ ತಲೆ ಹೊರಹಾಕಿದರು. “ನಾನು ಮೂರು ಮಕ್ಕಳನ್ನ ಸೊಂಟದ ಮೇಲೇ ಬೆಳೆಸ್ದೆ. ಗಾಡಿ ಗೀಡಿ ಯಾರು ಕಂಡಿದ್ರು?”

“ಅದಕ್ಕೇ ಅತ್ತೆ, ಈಗ ಮೆಟ್ಟಿಲು ಹತ್ತುವಾಗ ನೀವು ಸೊಂಟ ಹಿಡ್ಕೊಳ್ಳೋದು.”

ಅತ್ತೆಯ ಕೈ ತಾನಾಗಿಯೇ ಸೊಂಟದ ಕಡೆ ಹೋಯಿತು.

ಎರಡು ವರ್ಷದ ಗುಂಡ ನಡೆಯುತ್ತಾನೆ ಅನ್ನುವುದೇನೋ ನಿಜ. ನಾಲ್ಕು ಹೆಜ್ಜೆ ಇಡುತ್ತಾನೆ, ಐದನೆಯದಕ್ಕೆ ಎರಡೂ ಕೈ ಮೇಲೆತ್ತಿ ಅಮ್ಮನ ಎದುರು ನಿಂತುಬಿಡುತ್ತಾನೆ. ವರ್ಷವಿಡೀ ಕೂದಲು ಕತ್ತರಿಸುವ ಅಂಗಡಿಯಲ್ಲಿ ನಿಂತ ಕಾಲಲ್ಲೇ ನಿಂತು ದುಡಿಯುವ ಅವಳಿಗೆ ಸಿಗುವುದು ಇದೊಂದು ವಾರದ ರಜ. ಹೋದ ವರ್ಷವೂ ಅದೇ ಸಮುದ್ರಕ್ಕೆ ಹೋಗಿದ್ದರು. ಸಮುದ್ರ ಹೇಗಿತ್ತು ಎಂದು ಅಂಗಡಿಯವರು ಕೇಳಿದಾಗ ಅವಳಿಗೆ ಹೇಳಲು ತೋಚಲಿಲ್ಲ. ಅವಳು ಕಂಡದ್ದು ಎತ್ತಿಕೊಂಡಿದ್ದ ಗುಂಡನ, ಮೂಗಿನ ನೇರಕ್ಕಿದ್ದ ಹಳದಿ ಟೋಪಿಯನ್ನಷ್ಟೇ. ಈ ಸಲ ಸಮುದ್ರ ನೋಡದೆ ವಾಪಸು ಬರುವವಳು ತಾನಲ್ಲ ಎಂದು ಅವಳು ಗಟ್ಟಿ ಮನಸ್ಸು ಮಾಡಿದ್ದಳು.

“ನಿಮ್ಮ ಕೆಲಸದಲ್ಲಿ ಫ್ರಿಜ್ಜನ್ನ ಒಬ್ಬರ ಸೊಂಟದ ಮೇಲೆ ಕೂರ್ಸಿ ಸಾಗಿಸ್ತಾರೇನ್ರೀ?”

“ಅದಕ್ಕೆ ಟ್ರಾಲಿ ಇದೆಯಲ್ಲ!” ಗಂಡ ನಕ್ಕ.

“ಫ್ರಿಜ್ಜು ಕೂದಲು ಎಳೆಯಲ್ಲ, ಹೊಟ್ಟೆಗೆ ಒದೆಯಲ್ಲ. ಅದಕ್ಕೆ ಟ್ರಾಲಿ ಇದೆ. ನನಗೆ ಬೇಡ್ವಾ?”

ಅವನು ಡಿಕ್ಕಿಯನ್ನು ಧಡಾರನೆ ಮುಚ್ಚಿದ. ಅವಳ ಪಿತ್ತ ನೆತ್ತಿಗೇರಿತು. ಗುಂಡನನ್ನು ಗಾಡಿಯಲ್ಲಿ ಕೂರಿಸಿ, ಪಟ್ಟಿ ಬಿಗಿದು, “ನಿಮ್ಮ ಪ್ಯಾಕಿಂಗ್ ಜೋಪಾನ. ನಾವಿಬ್ರೂ ಬಸ್ಸಲ್ಲಿ ಬರ್ತೀವಿ,” ಎಂದವಳೇ ಇಳಿಜಾರಿನ ಬೀದಿಯಲ್ಲಿ ಹೊರಟೇಬಿಟ್ಟಳು.

ಆ ಕಡೆ ಹೋಗುವ ಬಸ್ಸು ಎಲ್ಲಿ ನಿಲ್ಲುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಆದರೂ ತಿರುಗಿ ನೋಡಿದರೆ ಕೇಳಿ. ಹಿಂದಿನಿಂದ ಕಾರು ತೆವಳುತ್ತಾ ಬಂತು. ಒಂದು ಹಾರ್ನು, ಇನ್ನೊಂದು ಹಾರ್ನು. ಪ್ರತಿ ಹಾರ್ನಿಗೂ ಗುಂಡ ಚಪ್ಪಾಳೆ ತಟ್ಟಿದ. ಕಿಟಕಿಗಳಲ್ಲಿ ತಲೆಗಳು ಕಾಣಿಸಿಕೊಂಡವು. ನೋಡಲಿ, ಕಣ್ತುಂಬ ನೋಡಲಿ ಎಂದುಕೊಂಡು ಅವಳು ಇನ್ನಷ್ಟು ನೆಟ್ಟಗೆ ನಡೆದಳು.

ತಿರುವಿನಲ್ಲಿ ಕಾರು ನಿಂತಿತು. ಗಂಡ ಇಳಿದ. “ಹತ್ತು, ಸಾಕು ಈ ತಮಾಷೆ. ಜಾಗ ಮಾಡ್ತೀನಿ.”

“ಏನು ತೆಗೀತೀರಿ?”

“ಅಮ್ಮನ ದಿಂಬು...”

“ದಿಂಬು ಮುಟ್ಟಿದ್ರೆ ನೋಡು!” ಒಳಗಿನಿಂದ ಅತ್ತೆಯ ದನಿ ಬಂತು. “ಆ ನಿನ್ನ ಕುರ್ಚಿ ತೆಗಿಯೋ. ಹೋದ ವರ್ಷ ಅದರಲ್ಲಿ ಬಿದ್ಕೊಂಡಿದ್ದು ನೀನೊಬ್ಬನೇ ತಾನೆ?”

ಅವಳು ಬೆರಗಾಗಿ ಅತ್ತೆಯ ಕಡೆ ನೋಡಿದಳು. ಅತ್ತೆ ಎದುರಿನ ಗಾಜನ್ನೇ ನೋಡುತ್ತಾ ಸೊಂಟ ನೀವಿಕೊಳ್ಳುತ್ತಿದ್ದರು.

ಕುರ್ಚಿ ಹೊರಬಂತು. ಅವಳು ಗುಂಡನನ್ನು ಇಳಿಸಿ, ಗಾಡಿ ಮಡಿಚಿ, ಆ ಜಾಗದಲ್ಲಿ ತೂರಿಸಿದಳು. ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತು. ಡಿಕ್ಕಿಯನ್ನೂ ಅವಳೇ ಮುಚ್ಚಿದಳು. ಇನ್ನು ಕುರ್ಚಿಯನ್ನು ಮನೆಗೆ ಸೇರಿಸಬೇಕು. ಏಕಮುಖ ಸಂಚಾರದ ಬೀದಿ, ಕಾರು ಹಿಂದಕ್ಕೆ ಹೋಗುವಂತಿಲ್ಲ. ಮುಖ ಗಂಟಿಕ್ಕಿಕೊಂಡು ಗಂಡ ಕುರ್ಚಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡ. ಅಷ್ಟರಲ್ಲಿ ಗುಂಡ ಓಡಿ ಹೋಗಿ ಅವನ ಮುಂದೆ ಎರಡೂ ಕೈ ಎತ್ತಿ ನಿಂತ. “ಅಪ್ಪಾ, ನಾನೂ!”

“ಎತ್ಕೊಂಡು ಹೋಗಿ,” ಎಂದಳು ಅವಳು. “ಅದೇನು ಮಹಾ ಭಾರ?”

ಬೀದಿ ಇಳಿಯುವಾಗ ಕಾಣದ ಏರು ಹತ್ತುವಾಗ ಕಂಡಿತು. ಗುಂಡ ಅಪ್ಪನ ಕಿವಿ ಹಿಡಿದು ಎಳೆದ, ಹೊಟ್ಟೆಗೆ ಒದ್ದ. ಕುರ್ಚಿಯ ಕಾಲು ಬಿಚ್ಚಿಕೊಂಡು ಮೊಣಕಾಲಿಗೆ ಬಡಿಯಿತು. ಗಂಡ ಮಗುವನ್ನು ಈ ಸೊಂಟದಿಂದ ಆ ಸೊಂಟಕ್ಕೆ ಬದಲಾಯಿಸಿದ. ಸ್ವಲ್ಪ ದೂರ ಹೋಗಿ ಮತ್ತೆ ಈ ಸೊಂಟಕ್ಕೆ. ದೀಪದ ಕಂಬದ ಹತ್ತಿರ ನಿಂತು, ಏದುಸಿರು ಬಿಡುತ್ತಾ, ತಿರುಗಿ ಕೂಗಿದ:

“ಏ, ಆ ಗಾಡಿ ಸ್ವಲ್ಪ ತಗೊಂಡ್ ಬಾರೇ!”

ಅವಳು ಖಾಲಿ ಕೈಗಳನ್ನು ಕಟ್ಟಿಕೊಂಡು ಡಿಕ್ಕಿಗೆ ಒರಗಿ ನಿಂತಳು.

“ಆಗಲ್ಲಾರೀ!” ಬೀದಿಗೆಲ್ಲ ಕೇಳುವಂತೆ ಕೂಗಿದಳು. “ಈಗ ಒಂದು ಸಾಮಾನು ತೆಗೆದ್ರೂ ಪ್ಯಾಕಿಂಗ್ ಪೂರ್ತಿ ಹಾಳಾಗುತ್ತೆ!”