ಹಿತ್ತಾಳೆ ಲೋಟ

ಹಲಸಿನ ಹಪ್ಪಳ ಸುಡುವ ವಾಸನೆ ಬಂದರೆ ಇಂದಿಗೂ ನನ್ನ ಊಟ ಅಲ್ಲಿಗೇ ನಿಲ್ಲುತ್ತದೆ.

ಅಂದು ಬೆಳಿಗ್ಗೆ ವರದಮೂಲದ ತೀರ್ಥದಲ್ಲಿ ಮುಳುಗು ಹಾಕಿ ಬಂದ ಅಪ್ಪ, "ಸಾರಾಯಿ ಬಿಟ್ಟೆ ಕಣೇ. ಸೀಸೆ ಹೊಳೆಗೆ ಎಸ್ದೆ" ಎಂದು ಅವ್ವನಿಗೆ ಹೇಳಿದ್ದ. ಅವ್ವ ಖುಷಿಗೆ ಪಾಯಸ ಮಾಡಿದ್ದಳು.

ಸಂಜೆ ನಾನು ದಿನದಂತೆ ಕೆಂಡದಲ್ಲಿ ಹಪ್ಪಳ ಸುಟ್ಟು, ಹಿತ್ತಾಳೆ ಲೋಟ ತಿಕ್ಕಿ, ಜಗಲಿಯಲ್ಲಿ ಕೂತಿದ್ದ ಅಪ್ಪನ ಮುಂದಿಟ್ಟೆ. ಏಳು ವರ್ಷದ ನನ್ನ ಪಾಲಿನ ಕೆಲಸ ಅದು. ಇಟ್ಟ ಮೇಲೇ ಬೆಳಗಿನ ಮಾತು ನೆನಪಾಯಿತು.

ಅಪ್ಪ ಲೋಟವನ್ನೇ ನೋಡಿದ. ಆಮೇಲೆ ಎದ್ದು, ಅಕ್ಕಿ ಮುಡಿಯ ಹಿಂದಿನಿಂದ ಅದೇ ಸೀಸೆ ತಂದ. "ಮಗಳೇ ತಂದಿಟ್ಲಲ್ಲ, ಏನ್ಮಾಡ್ಲಿ?" ಎಂದ.

ನಾನು ಅತ್ತೆ. ಅವ್ವ ಬೈಯಲಿಲ್ಲ. ಮರುದಿನ ಸಂಜೆ ನನ್ನ ಕೈಯಿಂದ ಲೋಟ ತೆಗೆದುಕೊಂಡಳು.

"ಇನ್ಮೇಲೆ ನೀ ಇಡ್ಬೇಡ ಮಗಾ. ನಾನೇ ಇಡ್ತೀನಿ."