ಅಟ್ಟದ ಮೇಲಿನ ಚಪ್ಪಲಿ

ಈಗಲೂ ಯಾರದ್ದಾದರೂ ಮನೆಯಲ್ಲಿ ಹುಲ್ಲಿನಲ್ಲಿಟ್ಟ ಮಾವಿನಹಣ್ಣಿನ ವಾಸನೆ ಬಂದರೆ, ನನ್ನ ಕಣ್ಣು ಮೊದಲು ಹೋಗುವುದು ಬಾಗಿಲ ಬಳಿಯ ಚಪ್ಪಲಿಗಳ ಕಡೆಗೆ.

ಗೌನಿಪಲ್ಲಿಯ ನಮ್ಮ ಮನೆಯಲ್ಲಿ ಆ ಬೇಸಿಗೆ ಅಕ್ಕನ ಚಪ್ಪಲಿ ಅಟ್ಟದ ಮೇಲಿತ್ತು. ಹದಿನಾರರ ಅಕ್ಕ ಬಸುರಿಯೆಂದು ತಿಳಿದ ದಿನ ಅವಳು ಮನೆಯಲ್ಲಿರುವುದು ಯಾರಿಗೂ ಕಾಣಬಾರದೆಂದು ಅಪ್ಪನೇ ಅದನ್ನು ಅಲ್ಲಿಗೆ ಎಸೆದಿದ್ದ. ಹೊರಗಿನವರು ಬಂದರೆ ಮಾವು ಹಣ್ಣಾಗಲು ಮುಚ್ಚಿಟ್ಟ ಕೋಣೆಯನ್ನು ಅಕ್ಕ ಸೇರಬೇಕಿತ್ತು. ಬಾಗಿಲು ತೆಗೆದರೆ ಕಾವು ಹೋಗುತ್ತದೆಂದು ಊರಿಗೆಲ್ಲ ಗೊತ್ತು. ತೆಗೆಯಿರಿ ಎಂದು ಯಾರೂ ಕೇಳುತ್ತಿರಲಿಲ್ಲ.

ಆ ಮಧ್ಯಾಹ್ನ ಆರೋಗ್ಯ ಕೇಂದ್ರದ ನರ್ಸಮ್ಮ ಬಂದರು.

"ದೊಡ್ಡ ಮಗಳು ಎಲ್ಲವ್ಳೆ?"

"ಮದನಪಲ್ಲಿಗೆ, ಅವಳ ಸೋದರತ್ತೆ ಮನೆಗೆ ಹೋಗವ್ಳೆ," ಎಂದಳು ಅಮ್ಮ.

ಅಷ್ಟರಲ್ಲಿ ಕೋಣೆಯೊಳಗೆ ಅಕ್ಕ ವಾಂತಿ ಮಾಡಿಕೊಳ್ಳುವ ಸದ್ದು. ಹಣ್ಣಿನ ಆ ಬಿಸಿ ವಾಸನೆಗೆ ಅವಳ ಹೊಟ್ಟೆ ತೊಳಸಬಹುದೆಂದು ನಮಗ್ಯಾರಿಗೂ ಹೊಳೆದಿರಲಿಲ್ಲ. ಸದ್ದು ಮುಚ್ಚಲು ನಾನು ಜೋರಾಗಿ ಕೆಮ್ಮತೊಡಗಿದೆ.

ನರ್ಸಮ್ಮನಿಗೆ ಆ ಸದ್ದು ಕೇಳಿಸಿಯೇ ಇತ್ತು; ಮುಚ್ಚಿದ ಬಾಗಿಲನ್ನೊಮ್ಮೆ ನೋಡಿ, ನನ್ನ ತಲೆ ಸವರಿ, ಜಗಲಿಯಲ್ಲಿದ್ದ ಅಪ್ಪನ ಕಡೆ ತಿರುಗಿದರು. "ನೋಡಪ್ಪ, ಹದಿನೆಂಟು ತುಂಬೋಗಂಟ ಅವಳು ನಿಮ್ಮ ಜವಾಬ್ದಾರಿ. ಕಾನೂನೇ ಹಂಗೈತೆ. ಬಸುರಿ ಅಂತ ಊಟ, ಆಸ್ಪತ್ರೆ, ಮನೆ ಯಾವುದನ್ನೂ ತಪ್ಪಿಸೋ ಹಂಗಿಲ್ಲ. ವಯಸ್ಸು ತುಂಬದವ್ಳು ಬಸುರಾದ್ರೆ ಪೊಲೀಸ್ನೋರಿಗೂ ತಿಳಿಸ್ಲೇಬೇಕು."

"ಬೀದಿಯವ್ರು ಏನಂತಾರಮ್ಮ?" ಎಂದ ಅಪ್ಪ.

"ಹೆರಿಗೆ ನೋವು ಬಂದ್ರೆ ಬೀದಿಯವ್ರು ಕರ್ಕೊಂಡೋಗ್ತಾರಾ?"

ಅಪ್ಪ ಎದ್ದು ಕೋಣೆಯ ಬಾಗಿಲು ತೆಗೆದ. ಏಣಿ ಹಾಕಿ ಅಟ್ಟ ಹತ್ತಿದ. ದೂಳು ಹಿಡಿದ ಚಪ್ಪಲಿಯನ್ನು ಪಂಚೆಯ ಅಂಚಿನಿಂದ ಒರೆಸಿ, ಬೀದಿಗೆಲ್ಲ ಕಾಣುವಂತೆ ಹೊಸ್ತಿಲ ಮುಂದೆ ಇಟ್ಟ.